ಯಾವ ದೇಶಕ್ಕೆ ಹೋಗಲಿ?

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದೇನೆ. ಹೊರದೇಶದಲ್ಲಿ ನೆಲೆಸುವ ಆಸೆ. ಊರಲ್ಲಿ ಅಪ್ಪನ ಅಡಿಕೆ ತೋಟವಿದೆ. ಯಾವ ದೇಶ ಒಳ್ಳೆಯದು?
– ಓದುಗರು, ತರೀಕೆರೆ

ಉತ್ತರ: ನಾಲ್ಕು ಕಾಸು ಕೂಡಿಟ್ಟು ಮರಳುವುದಾದರೆ ಸೌದಿ, ದುಬೈ ಸಾಕು. ಸಂಬಳಕ್ಕೆ ಆದಾಯ ತೆರಿಗೆಯಿಲ್ಲ, ಪೌರತ್ವದ ಆಸೆಯೂ ಬೇಡ. ನೆಲೆಸುವುದಾದರೆ ಜರ್ಮನಿ ನೋಡಿ. ನರ್ಸ್‌ಗಳ ಕೊರತೆ ಅಲ್ಲಿ ನಿಜವಾಗಿಯೂ ಇದೆ. ಆದರೆ ಜರ್ಮನ್ ಭಾಷೆ ಸಾಮಾನ್ಯವಾಗಿ ಬಿ2 (ಮೇಲ್ಮಧ್ಯಮ) ಮಟ್ಟಕ್ಕೆ ಬರಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಸುತ್ತಾರೆ. ಕೆನಡಾ ಮನಸ್ಸಿನಲ್ಲಿದ್ದರೆ ತಡಮಾಡಬೇಡಿ: ಅಲ್ಲಿನ ಅಂಕ ಆಧಾರಿತ ವಲಸೆ ವ್ಯವಸ್ಥೆಯಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ 30 ತುಂಬಿದ ಮೇಲೆ ವಯಸ್ಸಿನ ಅಂಕ ಇಳಿಯುತ್ತಾ ಹೋಗುತ್ತದೆ.

ಇನ್ನು ತೋಟ. ಏಜೆಂಟರು ಈ ಮಾತೆತ್ತುವುದು ಕಡಿಮೆ. ಬೇರೆ ಪೌರತ್ವ ಪಡೆದರೆ ಭಾರತದ್ದು ಹೋಗುತ್ತದೆ. ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಇದ್ದರೂ ಕೃಷಿಭೂಮಿ, ತೋಟ ಕೊಳ್ಳುವಂತಿಲ್ಲ. ಅಪ್ಪನಿಂದ ಪಾಲಿಗೆ ಬಂದದ್ದನ್ನು ಉಳಿಸಿಕೊಳ್ಳಬಹುದು. ಮಾರುವುದಾದರೆ ಭಾರತದಲ್ಲೇ ವಾಸಿಸುವವರಿಗೆ ಮಾತ್ರ.