ಗುಲಾಬಿ ಹಾಲಿನ ಹುಳಿ ಲೆಕ್ಕ

ಬೇಕರಿಯ ಗಾಜಿನ ಲೋಟದಲ್ಲಿ ಬರುವ ಸ್ಟ್ರಾಬೆರಿ ಮಿಲ್ಕ್‌ಶೇಕ್‌ಗೆ ಕಣ್ಣು ಕೋರೈಸುವ ಗುಲಾಬಿ ಬಣ್ಣ. ಮೂಗಿನ ಹತ್ತಿರ ತಂದರೆ ಘಮ್ಮೆನ್ನುವ ವಾಸನೆ. ಅದನ್ನೇ ಮನೆಯಲ್ಲಿ, ಪೇಟೆಯಿಂದ ದುಬಾರಿ ಬೆಲೆ ಕೊಟ್ಟು ತಂದ ಹಣ್ಣಿನಿಂದ ಮಾಡಿದರೆ ಬಣ್ಣ ಪೇಲವ, ರುಚಿ ಹುಳಿ. ಗ್ರಹಚಾರ ಕೆಟ್ಟರೆ ಹಾಲು ಒಡೆದು ಲೋಟದ ಅಂಚಿಗೆ ಹರಳು ಹರಳಾಗಿ ಅಂಟಿಕೊಳ್ಳುತ್ತದೆ. ‘ಅಂಗಡೀದೇ ಚೆನ್ನಾಗಿರುತ್ತೆ’ ಎಂದು ಮಕ್ಕಳು ತೀರ್ಪು ಕೊಟ್ಟುಬಿಡುತ್ತಾರೆ. ತಪ್ಪು ಹಣ್ಣಿನದಲ್ಲ, ಮಾಡಿದವರದೂ ಪೂರ್ತಿ ಅಲ್ಲ. ಹಾಲಿಗೂ ಹುಳಿಗೂ ಇರುವ ಹಳೆಯ ಜಗಳ ಅದು.

ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಮಾರ್ಟಳ್ಳಿಯಂಥ ಊರಿನಲ್ಲಿ ನಿಂತು ನೋಡಿದರೆ ಈ ಲೋಟದ ಕಥೆ ಇನ್ನಷ್ಟು ಸ್ವಾರಸ್ಯಕರ. ಮಲೆ ಮಹದೇಶ್ವರ ಬೆಟ್ಟದ ಕಾಡು, ಅದರಾಚೆ ತಮಿಳುನಾಡಿನ ಗಡಿ. ಕನ್ನಡದ ಜೊತೆಗೆ ತಮಿಳೂ ಮನೆಮಾತಾಗಿರುವ ಊರಿದು. ಇಲ್ಲಿ ಒಂದು ಮನೆಯವರು ಹಾಲು ಎಂದರೆ ಪಕ್ಕದ ಮನೆಯವರು ಪಾಲ್ ಎನ್ನುತ್ತಾರೆ. (ಹಳಗನ್ನಡದಲ್ಲೂ ಅದು ಪಾಲ್ ಆಗಿಯೇ ಇತ್ತು, ಪಕಾರ ಹಕಾರವಾದದ್ದು ಆಮೇಲೆ.) ಹೆಸರು ಎರಡಿದ್ದರೂ ಹಾಲು ಮಾತ್ರ ಹಿಂದೆ ಯಾರ ಮನೆಯಲ್ಲೂ ಧಾರಾಳವಾಗಿರಲಿಲ್ಲ.

ಕಾರಣ ಈ ಸೀಮೆಯ ದನಗಳಲ್ಲೇ ಇದೆ. ಕಾವೇರಿ ದಂಡೆಯ ಆಲಂಬಾಡಿ ತಳಿ, ಗಡಿಯಾಚೆಯ ಬರಗೂರು ಬೆಟ್ಟದ ಕಂದು–ಬಿಳಿ ಮಚ್ಚೆಯ ತಳಿ ಎರಡೂ ಹೆಸರಾದದ್ದು ಉಳುಮೆಗೆ, ಗಾಡಿಗೆ, ಬೆಟ್ಟ ಹತ್ತುವ ಕಸುವಿಗೆ. ಹಗಲೆಲ್ಲ ಕಾಡಿನಲ್ಲಿ ಮೇಯುವ ಈ ಹಸುಗಳು ಕರುವಿಗೆ ಕುಡಿಸಿ ಉಳಿಸುವ ಹಾಲು ಅತ್ಯಲ್ಪ. ಅದೂ ಹೆಪ್ಪಿಗೆ ಬಿದ್ದು ಮೊಸರಾಗಿ, ಮಜ್ಜಿಗೆಯಾಗಿ, ರಾಗಿ ಅಂಬಲಿಗೆ ಸೇರುತ್ತಿತ್ತು. ಹಸಿ ಹಾಲಿಗೆ ಹಣ್ಣು ಬೆರೆಸಿ ಲೋಟಗಟ್ಟಲೆ ಕುಡಿಯುವುದು ಆ ಲೆಕ್ಕಾಚಾರದಲ್ಲಿ ಎಲ್ಲೂ ಕೂರುವ ಮಾತಾಗಿರಲಿಲ್ಲ.

ಮಿಶ್ರತಳಿ ಹಸುಗಳೂ ಹಾಲು ಉತ್ಪಾದಕರ ಸಹಕಾರ ಸಂಘಗಳೂ ಬಂದ ಮೇಲೆ ಚಿತ್ರ ಬದಲಾಯಿತು. ಆದರೆ ಬದಲಾದ ಬಗೆಯಲ್ಲೊಂದು ತಮಾಷೆಯಿದೆ. ಹಳ್ಳಿಯ ಹಾಲು ಬೆಳಗಾಗುವ ಮೊದಲೇ ಕ್ಯಾನು ಸೇರಿ ಡೇರಿಗೆ ಹೊರಡುತ್ತದೆ. ಅದೇ ಹಾಲು ಸಕ್ಕರೆ, ಬಣ್ಣ, ವಾಸನೆ ಸೇರಿಸಿಕೊಂಡು, ಕೊಟ್ಟ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಬೇಕರಿ ಲೋಟದಲ್ಲಿ ಎದುರಾಗುತ್ತದೆ. ಹಸು ಕಟ್ಟಿದ ಮನೆಯ ಮಗುವೇ ಕಾಸು ಕೊಟ್ಟು ಅದನ್ನು ಕುಡಿಯುತ್ತದೆ.

ಆ ಲೋಟದಲ್ಲಿ ಸ್ಟ್ರಾಬೆರಿ ಎಷ್ಟಿರುತ್ತದೆ? ಸಿರಪ್‌ನಿಂದ ಮಾಡಿದ್ದಾದರೆ ಬಹಳ ಸಲ ಇರುವುದೇ ಇಲ್ಲ. ಕೆಂಪು ಬರುವುದು ಕಾರ್ಮೋಸಿನ್‌ನಂಥ, ಮಿತಿಯೊಳಗೆ ಬಳಸಲು ಅನುಮತಿಯಿರುವ ಕೃತಕ ಬಣ್ಣದಿಂದ. ವಾಸನೆ ಬರುವುದು ‘ಸ್ಟ್ರಾಬೆರಿ ಆಲ್ಡಿಹೈಡ್’ ಎಂದು ಕರೆಸಿಕೊಳ್ಳುವಂಥ ಕೃತಕ ರಾಸಾಯನಿಕಗಳಿಂದ. ವಿಚಿತ್ರವೆಂದರೆ ಈ ವಸ್ತು ರಸಾಯನಶಾಸ್ತ್ರದ ಪ್ರಕಾರ ಆಲ್ಡಿಹೈಡೇ ಅಲ್ಲ! ಅನುಮತಿಯಿಲ್ಲದ ಬಣ್ಣಗಳ ಹಾವಳಿ ಬೇರೆ. ಬಾಂಬೆ ಮಿಠಾಯಿ, ಗೋಬಿ ಮಂಚೂರಿಗೆ ರೋಡಮೈನ್–ಬಿ ಬೆರೆಸುವುದು ಪತ್ತೆಯಾಗಿ, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅವುಗಳಲ್ಲಿ ಕೃತಕ ಬಣ್ಣವನ್ನೇ ನಿಷೇಧಿಸಿದ್ದು ನೆನಪಿರಬಹುದು.

ಇನ್ನು ನಿಜವಾದ ಹಣ್ಣು. ಈಗ ಜಗತ್ತೆಲ್ಲ ತಿನ್ನುವ ದಪ್ಪ ಸ್ಟ್ರಾಬೆರಿಗೆ ಮುನ್ನೂರು ವರ್ಷದ ವಯಸ್ಸೂ ಆಗಿಲ್ಲ. ಮೈಸೂರಿನಲ್ಲಿ ಎರಡನೇ ಕಂಠೀರವ ನರಸರಾಜ ಒಡೆಯರ ಆಳ್ವಿಕೆ ಮುಗಿದ 1714ರಲ್ಲೇ, ಫ್ರಾನ್ಸಿನ ಫ್ರೆಜಿಯೆ ಎಂಬ ಸೇನಾ ಎಂಜಿನಿಯರ್ ದಕ್ಷಿಣ ಅಮೆರಿಕದ ಚಿಲಿಯಿಂದ ದಪ್ಪ ಹಣ್ಣಿನ ಕೆಲವು ಗಿಡ ತಂದ. ಕೋಟೆಗಳ ಗುಟ್ಟು ತಿಳಿಯಲು ಹೋದವನು ಗಿಡದೊಂದಿಗೆ ಮರಳಿದ್ದ. ಊರಿಗೆ ತಂದ ಗಿಡಗಳೆಲ್ಲ ಹೆಣ್ಣು. ಹೂ ಬಿಟ್ಟರೂ ಕಾಯಿ ಕಚ್ಚಲಿಲ್ಲ. ಉತ್ತರ ಅಮೆರಿಕದ ಇನ್ನೊಂದು ಜಾತಿಯ ಗಿಡವನ್ನು ಪಕ್ಕದಲ್ಲಿ ಬೆಳೆದಾಗಲೇ ಎರಡೂ ಬೆರೆತು ಇಂದಿನ ಹಣ್ಣು ಹುಟ್ಟಿತು. ಅದು ಬೆರಕೆ ಎಂಬುದನ್ನು ಡುಷೇನ್ ಎಂಬ ತರುಣ ಸಸ್ಯವಿಜ್ಞಾನಿ 1766ರಲ್ಲಿ ಬರೆದ.

ತಿನ್ನುವ ಕೆಂಪು ಭಾಗ ನಿಜವಾಗಿ ಹಣ್ಣಲ್ಲ, ಹೂವಿನ ಬುಡದ ಊದಿಕೊಂಡ ತಿರುಳು. ಮೇಲೆ ಬೀಜದಂತೆ ಕಾಣುವ ಒಂದೊಂದು ಚುಕ್ಕೆಯೂ ಒಂದೊಂದು ಹಣ್ಣು! ಗೋಡಂಬಿಯ ಮೇಲಿನ ಗೇರುಹಣ್ಣು ತೊಟ್ಟಿನ ಊತವಾದಂತೆ ಇದೂ.

ಅಡುಗೆಮನೆಗೆ ಮುಖ್ಯವಾದ ಸಂಗತಿ ಬೇರೊಂದಿದೆ. ಬಾಳೆ, ಮಾವಿನಂತೆ ಸ್ಟ್ರಾಬೆರಿಯನ್ನು ಕಿತ್ತ ಮೇಲೆ ಹಣ್ಣಾಗಿಸಲು ಬರುವುದಿಲ್ಲ. ಗಿಡದಲ್ಲಿ ಎಷ್ಟು ಸಿಹಿಯೋ ಅಷ್ಟೇ. ದೇಶದ ಬಹುಪಾಲು ಸ್ಟ್ರಾಬೆರಿ ಬೆಳೆಯುವುದು 2010ರಲ್ಲಿ ಭೌಗೋಳಿಕ ಗುರುತು ಪಡೆದ ಮಹಾರಾಷ್ಟ್ರದ ಮಹಾಬಲೇಶ್ವರದ ಸುತ್ತ, ಚಳಿಗಾಲದಲ್ಲಿ. ಅಲ್ಲಿಂದ ಬೆಂಗಳೂರಿಗೇ 700 ಕಿ.ಮೀ.ಗೂ ಹೆಚ್ಚು ದೂರ; ಕೊಳ್ಳೇಗಾಲ, ಹನೂರು ದಾಟಿ ಬರಬೇಕಾದರೆ ಇನ್ನೂ ಒಂದು ದಿನ. ದಾರಿಯಲ್ಲಿ ಕೊಳೆಯದಿರಲೆಂದು ಬೇಗ ಕಿತ್ತಿರುತ್ತಾರೆ. ಆದ್ದರಿಂದ ಡಬ್ಬಿ ಕೊಳ್ಳುವಾಗ ಗಾತ್ರಕ್ಕೆ ಮರುಳಾಗದೆ ತೊಟ್ಟಿನ ಬಳಿ ನೋಡಬೇಕು. ಅಲ್ಲಿ ಬಿಳಿ ಉಳಿದಿದ್ದರೆ ಮನೆಯಲ್ಲಿ ಎಷ್ಟು ದಿನ ಇಟ್ಟರೂ ಅದು ಹುಳಿಯೇ.

ಹುಳಿ ಹಾಲಿಗೆ ಏನು ಮಾಡುತ್ತದೆ ಎಂಬುದು ಪನ್ನೀರು ಮಾಡಿದವರಿಗೆ ಗೊತ್ತು. ಹಾಲಿನ ಮುಖ್ಯ ಪ್ರೋಟೀನ್ ಕೇಸೀನ್ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಹುಳಿ ಬಿದ್ದು ಪಿ.ಎಚ್. ಮಟ್ಟ 6.6ರ ಸುಮಾರಿನಿಂದ 4.6ರತ್ತ ಇಳಿದಂತೆ ಕಣಗಳು ಒಂದಕ್ಕೊಂದು ಅಂಟಿ ಗರಣೆ ಕಟ್ಟುತ್ತವೆ. ಸ್ಟ್ರಾಬೆರಿಯದು ಸುಮಾರು 3.5. ಹಾಲು ಬಿಸಿಯಾಗಿದ್ದರೆ ಅಷ್ಟು ಇಳಿಯುವವರೆಗೂ ಕಾಯುವುದಿಲ್ಲ, ಬೇಗನೆ ಒಡೆಯುತ್ತದೆ. ಚೆನ್ನಾಗಿ ತಣ್ಣಗಿದ್ದರೆ ಹೆಚ್ಚು ಹುಳಿಯನ್ನು ತಾಳಿಕೊಳ್ಳುತ್ತದೆ. ಮಿಲ್ಕ್‌ಶೇಕ್ ತಣ್ಣಗಿರುವುದು ಬಾಯಿಯ ಸುಖಕ್ಕಷ್ಟೇ ಅಲ್ಲ ಎಂದಾಯಿತು.

ಹಾಲು–ಹುಳಿ ಕೂಡದೆಂಬ ಮಾತನ್ನು ಚರಕ ಸಂಹಿತೆಯೂ ಹೇಳುತ್ತದೆ. ಸೂತ್ರಸ್ಥಾನದ 26ನೇ ಅಧ್ಯಾಯದ ವಿರುದ್ಧಾಹಾರದ ಪಟ್ಟಿಯಲ್ಲಿ ಮಾವು, ನೇರಳೆ, ದಾಳಿಂಬೆ, ನೆಲ್ಲಿಯ ಜೊತೆಗೆ ಬಾಳೆಯೂ ಇದೆ. ಬಾಳೆಹಣ್ಣಿಲ್ಲದ ಪಂಚಾಮೃತವನ್ನು ಯಾವ ಕನ್ನಡದ ಮನೆ ಒಪ್ಪೀತು? ಒಡೆದ ಹಾಲು ವಿಷವೇನಲ್ಲ. ಕುಡಿದ ಹಾಲೆಲ್ಲ ಜಠರದ ಆಮ್ಲದಲ್ಲಿ ಹೇಗೂ ಒಡೆಯುತ್ತದೆ. ಹಾಲು ಅಥವಾ ಸ್ಟ್ರಾಬೆರಿಯೇ ಒಗ್ಗದವರ ಮಾತು ಬೇರೆ.

ಮಾಡುವ ಕ್ರಮ ಈ ಲೆಕ್ಕದಿಂದಲೇ ಹುಟ್ಟುತ್ತದೆ. ಎರಡು ಲೋಟಕ್ಕೆ ಸುಮಾರು 150 ಗ್ರಾಂ ಹಣ್ಣು, 300 ಮಿ.ಲೀ. ಹಾಲು, ಹಣ್ಣು ಒಂದು ಪಾಲು, ಹಾಲು ಎರಡು ಪಾಲು. ಕರೆದ ಹಾಲಾದರೆ ಕಾಯಿಸಲೇಬೇಕು, ಆರಿಸಿ ಫ್ರಿಜ್‌ನಲ್ಲಿಟ್ಟು ಕೆನೆ ತೆಗೆಯಬೇಕು. ಹಣ್ಣನ್ನು ತೊಟ್ಟು ಸಮೇತ ತೊಳೆದು ಆಮೇಲೆ ತೊಟ್ಟು ಬಿಡಿಸುವುದು ಒಳ್ಳೆಯದು. ತೊಟ್ಟು ಬಿಡಿಸಿ ತೊಳೆದರೆ ನೀರು ಒಳಗಿಳಿದು ಹಣ್ಣು ಸಪ್ಪೆಯಾಗುತ್ತದೆ. ಹೆಚ್ಚಿ, ಎರಡು ಚಮಚ ಸಕ್ಕರೆ ಉದುರಿಸಿ ಇಪ್ಪತ್ತು ನಿಮಿಷ ಬಿಟ್ಟರೆ ಕೆಂಪು ರಸ ತಾನೇ ಒಸರುತ್ತದೆ. ಬೇಕರಿಯ ಬಣ್ಣ ಬರದಿದ್ದರೂ ಮನೆಯ ಲೋಟಕ್ಕೆ ಬಣ್ಣ ಕೊಡುವುದು ಇದೇ ರಸ. ಹಣ್ಣು, ರಸ ಎರಡನ್ನೂ ಮೊದಲು ಬರೀ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ, ತಣ್ಣನೆ ಹಾಲು ಸುರಿದು ಅರ್ಧ ನಿಮಿಷ ತಿರುಗಿಸಿದರೆ ಸಾಕು. ಬಹಳ ಹೊತ್ತು ತಿರುಗಿಸಿದರೆ ಜಾರು ಬಿಸಿಯಾಗುತ್ತದೆ, ಮತ್ತೆ ಹುಳಿಯ ಆಟ ಶುರು.

ಸ್ಟ್ರಾಬೆರಿ ಸಿಗದ ತಿಂಗಳುಗಳಿಗೆ ಈ ಸೀಮೆಯಲ್ಲೇ ಉತ್ತರವಿದೆ. 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಆ ಪ್ರಾಂತ್ಯದ ರೇಷ್ಮೆಗೆ ತವರಾಗಿತ್ತು. ರೇಷ್ಮೆಹುಳುವಿಗೆ ಬೇಕಾದ್ದು ಹಿಪ್ಪುನೇರಳೆಯ ಸೊಪ್ಪು; ಹಣ್ಣು ಯಾರಿಗೂ ಬೇಡವಾಗಿ ಮಕ್ಕಳ, ಹಕ್ಕಿಗಳ ಪಾಲು. ಕಪ್ಪಗೆ ಮಾಗಿದ ಈ ಹಣ್ಣಿಗೆ ಹುಳಿ ಕಡಿಮೆ, ಬಣ್ಣ ದಂಡಿ. ಔಷಧಿ ಹೊಡೆದ ತೋಟದ್ದು ಬೇಡ. ಬದುವಿನಲ್ಲಿ ಮರವಾಗಲು ಬಿಟ್ಟ ಗಿಡದ್ದಾದರೆ ಅದೇ ಅಳತೆ, ಅದೇ ಕ್ರಮ. ಹಾಲು ನೇರಳೆ ಬಣ್ಣಕ್ಕೆ ತಿರುಗುತ್ತದೆ.

1963ರಲ್ಲಿ ಸುಮೀತ್ ಮಿಕ್ಸಿ ಬರುವ ಮೊದಲು ಅಡುಗೆಮನೆಗಳಲ್ಲಿ ಇದ್ದದ್ದು ಒರಳು, ಕಡಗೋಲು. ಕರೆಂಟ್ ಕೈಕೊಟ್ಟ ಸಂಜೆ ಅವೇ ಗತಿ. ಸಕ್ಕರೆಯಲ್ಲಿ ನೆನೆದ ಹಣ್ಣನ್ನು ಜಾಲರಿಯ ಮೇಲೆ ಸೌಟಿನಿಂದ ತಿಕ್ಕಿದರೆ ರಸ ಕೆಳಗಿಳಿಯುತ್ತದೆ, ಬೀಜ ಮೇಲುಳಿಯುತ್ತದೆ. ಎತ್ತರದ ಪಾತ್ರೆಯಲ್ಲಿ ತಣ್ಣನೆ ಹಾಲಿನೊಂದಿಗೆ ಕಡಗೋಲಿನಿಂದ ಎರಡು ನಿಮಿಷ ಕಡೆದರೆ ನೊರೆಯೂ ಏಳುತ್ತದೆ. ನೊರೆ ತಗ್ಗುವ ಮೊದಲು ಕುಡಿದುಬಿಡಬೇಕು. ಎತ್ತಿಟ್ಟರೆ ಸಂಜೆಯ ಹಾಲು ಬೆಳಿಗ್ಗೆಗೆ ಗರಣೆಯೇ.