ಸಿಪಾಯಿಯ ಸಂಸಾರ: ದಂಡಿಗೆ ಮೊದಲು, ದಂಡಿನ ತರುವಾಯ

ಯುದ್ಧದ ಚರಿತ್ರೆಗಳಲ್ಲಿ ಸೇನಾಪತಿಗಳ ಹೆಸರುಗಳಿರುತ್ತವೆ, ಪಲಟಣಗಳ ಅಂಕೆಗಳಿರುತ್ತವೆ. ಆದರೆ ಆ ಅಂಕೆಯೊಳಗಿನ ಒಬ್ಬ ಬಡ ಸಿಪಾಯಿಯು ಮನೆಯಿಂದ ಏಕೆ ಹೊರಟನು, ತಿರುಗಿ ಬಂದ ಮೇಲೆ ಅವನ ಗತಿಯೇನಾಯಿತು ಎಂಬುದನ್ನು ಕೇಳುವವರು ವಿರಳ. ವಾಚಕರೊಡನೆ ಇಂದು ಆ ಮಾತನ್ನೇ ಆಡಬೇಕೆಂದಿದ್ದೇವೆ.

ನಿಪ್ಪಾಣಿಯ ಹತ್ತಿರದ ಅಕ್ಕೋಳವನ್ನೇ ತೆಗೆದುಕೊಳ್ಳೋಣ. ವೇದಗಂಗೆಯ ಬಯಲಿನ ಈ ಸೀಮೆ ತಂಬಾಕಿಗೆ ಹೆಸರಾದುದು. ಹೊಲವಿದ್ದವನಿಗೆ ತಂಬಾಕು ಹಣ ತಂದಿತು. ಹೊಲವಿಲ್ಲದವನಿಗೆ ಸುಗ್ಗಿಯಲ್ಲಿ ಕೂಲಿ ತಂದಿತು, ಉಳಿದ ದಿನಗಳಲ್ಲಿ ಸಾಲ ತಂದಿತು. ಇಂಥ ಮನೆಯ ತರುಣನಿಗೆ ತಿಂಗಳಿಗೊಮ್ಮೆ ತಪ್ಪದೆ ಬರುವ ಪಗಾರವೆಂಬುದೇ ಒಂದು ಸೋಜಿಗ. ಮೊದಲನೆಯ ಮಹಾಯುದ್ಧ ಮೊದಲಾದಾಗ ಕಾಲಾಳು ಸಿಪಾಯಿಯ ಪಗಾರ ತಿಂಗಳಿಗೆ 11 ರೂಪಾಯಿ. ಇಂದು ಅದು ಅಲ್ಪವೆಂದು ಕಾಣಬಹುದು. ಅಂದು ಮನಿಆರ್ಡರಿನ ಹಾದಿ ಕಾಯುವ ತಾಯಿಗೆ ಅದು ಅಲ್ಪವಾಗಿರಲಿಲ್ಲ.

ಆದರೆ ದಂಡಿನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. 1922ರಿಂದ ಬೆಳಗಾವಿಯು ಮರಾಠಾ ಪಲಟಣದ ತರಬೇತಿಯ ಠಾಣ್ಯವಾಯಿತು. ಸುತ್ತಲಿನ ಎಷ್ಟೋ ರೈತರ ಮಕ್ಕಳು ಅಲ್ಲಿ ಭರ್ತಿಯಾದರು. ಮಹಾರ ಮನೆತನಗಳ ಕಥೆ ಬೇರೆ. ಮುಂಬಯಿ ದಂಡಿನಲ್ಲಿ ತಲೆಮಾರುಗಳಿಂದ ದುಡಿದಿದ್ದರೂ, 1892ರ ಸುಮಾರಿಗೆ ಸರಕಾರವು ಅವರ ಭರ್ತಿಯನ್ನು ನಿಲ್ಲಿಸಿತು. ಯುದ್ಧದ ಅವಸರದಲ್ಲಿ, 1917ರಲ್ಲಿ, 111ನೆಯ ಮಹಾರ ಪಲಟಣವನ್ನು ಕಟ್ಟಿದರು. ಅವಸರ ತೀರಿದ ಮೇಲೆ 1921ರಲ್ಲಿ ಅದನ್ನು ಮುರಿದರು. ಬೇಕಾದಾಗ ಕರೆದು, ಬೇಡವಾದಾಗ ಕಳಿಸುವ ಈ ರೀತಿಯನ್ನು ಆ ಮನೆಗಳು ಮರೆಯಲಿಲ್ಲ.

1925ರ ಏಪ್ರಿಲ್ ತಿಂಗಳಲ್ಲಿ ನಿಪ್ಪಾಣಿಯಲ್ಲಿಯೇ ಮುಂಬಯಿ ಇಲಾಖೆಯ ಬಹಿಷ್ಕೃತ ಪರಿಷತ್ತು ನೆರೆಯಿತು; ಡಾ. ಅಂಬೇಡಕರರು ಅದರಲ್ಲಿ ಭಾಗವಹಿಸಿದರು. ಅವರ ತಂದೆಯೂ ದಂಡಿನ ಸುಭೇದಾರರೇ. 1941ರ ಜುಲೈಯಲ್ಲಿ ವೈಸರಾಯರ ರಾಷ್ಟ್ರೀಯ ರಕ್ಷಣಾ ಮಂಡಲದ ಸದಸ್ಯರಾದ ಅಂಬೇಡಕರರು ಮಹಾರರ ಭರ್ತಿಗಾಗಿ ಪಟ್ಟುಹಿಡಿದರು. ಅದೇ ವರ್ಷದ ಅಕ್ಟೋಬರದಲ್ಲಿ ಮಹಾರ ರೆಜಿಮೆಂಟಿನ ಮೊದಲನೆಯ ಪಲಟಣವು ಹುಟ್ಟಿದ್ದು ಬೆಳಗಾವಿಯಲ್ಲಿ.

ದಂಡು ಇಂಥ ತರುಣನಿಗೆ ಕೊಟ್ಟುದೇನು? ಹೊಟ್ಟೆ ತುಂಬ ಊಟ, ಕಾಲಿಗೆ ಬೂಟು, ಮೈಗೆ ಸಮವಸ್ತ್ರ. ಮನೆಯ ಮಾತು ಕನ್ನಡವಾಗಲಿ ಮರಾಠಿಯಾಗಲಿ, ದಂಡಿನಲ್ಲಿ ಅವನು ರೋಮನ್ ಲಿಪಿಯ ಉರ್ದು ಕಲಿಯಬೇಕಾಯಿತು. ಮೋಟಾರು ನಡೆಸುವದು, ತಂತಿ ಕಳಿಸುವದು, ಯಂತ್ರ ಬಿಚ್ಚಿ ಜೋಡಿಸುವದು ಮುಂತಾದ ಕಸಬುಗಳು ಕೆಲವರ ಕೈಗೆ ಬಂದವು. ಎಲ್ಲಕ್ಕೂ ಹೆಚ್ಚಾಗಿ, ತನ್ನ ಹೆಸರನ್ನು ಹಿಡಿದು ಸಾಲಿನಲ್ಲಿ ಕರೆಯುವಾಗ ಕೇರಿಯ ಹೆಸರನ್ನು ಕೇಳದ ಒಂದು ಜಾಗವನ್ನು ಅವನು ಕಂಡನು.

1945ರಲ್ಲಿ ಯುದ್ಧ ಮುಗಿಯಿತು. ಆ ಹೊತ್ತಿಗೆ ಭಾರತದ ದಂಡು ಸುಮಾರು 25 ಲಕ್ಷಕ್ಕೆ ಬೆಳೆದಿತ್ತು. ಅಷ್ಟು ಜನರನ್ನು ಇಟ್ಟುಕೊಳ್ಳುವ ಅವಶ್ಯಕತೆ ಸರಕಾರಕ್ಕಿರಲಿಲ್ಲ. ಯುದ್ಧಕಾಲಕ್ಕಾಗಿ ಸೇರಿದ ಬಹುಜನ ಸಿಪಾಯಿಗಳು ಇಡಿಗಂಟಾಗಿ ಒಂದಿಷ್ಟು ಹಣ ಪಡೆದು ಮನೆಗೆ ಮರಳಿದರು. ದೀರ್ಘ ಸೇವೆ ಇಲ್ಲದವನಿಗೆ ಪೆನ್ಶನ್ ಇಲ್ಲ. ಮೋಟಾರು ನಡೆಸಬಲ್ಲವನ ಊರಲ್ಲಿ ಮೋಟಾರಿಲ್ಲ. ದೇಶಾಂತರದ ನೀರು ಕುಡಿದು ಬಂದವನಿಗೆ ಊರ ಬಾವಿಯ ನೀರು ಮುಟ್ಟಲು ಅಪ್ಪಣೆಯಿಲ್ಲ. ರಣರಂಗದಲ್ಲಿ ಶತ್ರುವಿನ ಗುಂಡು ಜಾತಿ ಕೇಳಿರಲಿಲ್ಲ. ಊರ ಬಾವಿಯು ಕೇಳಿತು.

ಆದರೂ ಅವನು ಹೋದ ಹಾಗೆಯೇ ಬರಲಿಲ್ಲವೆಂಬುದನ್ನು ನಾವು ಮರೆಯಬಾರದು. ಕಾಗದ ಓದಬಲ್ಲ ತಂದೆಯು ಮಗನನ್ನು ಶಾಲೆಗೆ ಕಳಿಸುವನು. ಅಧಿಕಾರಿಯ ಎದುರು ನೆಟ್ಟಗೆ ನಿಂತವನು ಗೌಡರ ಎದುರೂ ನೆಟ್ಟಗೆ ನಿಲ್ಲುವನು. ದಂಡಿನ ನಿಜವಾದ ಗಳಿಕೆ ಇದೇ ಎಂದು ನಮ್ಮ ಅಭಿಪ್ರಾಯ.

ಈ ಪ್ರಶ್ನೆ ಹಳತಾಗಿಲ್ಲ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆಯು 4 ವರುಷ. ತರುವಾಯ ನೂರಕ್ಕೆ 25ರ ವರೆಗೆ ಮಾತ್ರ ಜನರನ್ನು ಉಳಿಸಿಕೊಂಡು, ಮಿಕ್ಕವರಿಗೆ ಇಡಿಗಂಟು ಕೊಟ್ಟು ಕಳಿಸುವ ನೇಮ. ಚಿಕ್ಕ ವಯಸ್ಸಿನಲ್ಲೇ ಮನೆಗೆ ಮರಳುವ ಈ ತರುಣನಿಗೆ ಊರಲ್ಲಿ ಏನು ಕಾದಿದೆ ಎಂಬುದನ್ನು ಗೃಹಸ್ಥರು ಮೊದಲೇ ಯೋಚಿಸುವದು ಒಳ್ಳೆಯದು. ಇಡಿಗಂಟು ಮದುವೆಯ ಖರ್ಚಿಗೆ ಕರಗದಿರಲಿ. ಕಲಿತ ಕಸಬಿನ ಪ್ರಮಾಣಪತ್ರ, ಬಿಡುಗಡೆಯ ಪುಸ್ತಕ ಇವು ಪೆಟ್ಟಿಗೆಯಲ್ಲಿ ಭದ್ರವಾಗಿರಲಿ. ಸೈನಿಕರ ಮತ್ತು ಅವರ ವಿಧವೆಯರ ಹಿತಕ್ಕಾಗಿ ಸೈನಿಕ ಕಲ್ಯಾಣ ಇಲಾಖೆಯಿದೆ. ಓದಬಾರದ ನೆರೆಮನೆಯ ಮುದುಕಿಯನ್ನು ಅಲ್ಲಿಗೆ ಕರೆದೊಯ್ದು ಅವಳ ಕಾಗದ ಓದಿ ಹೇಳುವದು, ಓದು ಬಲ್ಲ ನಮ್ಮೆಲ್ಲರ ಕೈಲಾಗುವ ಕೆಲಸ.