ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವೇ?

ಬೆಳೆದ ಮಕ್ಕಳಿಗೆ ಮನೆಯಲ್ಲೇ ಬಟ್ಟೆ ಹೊಲಿದುಕೊಡುವ ತಾಯಂದಿರು ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಇನ್ನೂ ಇದ್ದಾರೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿರುತ್ತಾನೆ, ಮಗಳು ಮದುವೆಯಾಗಿ ಹೋಗಿರುತ್ತಾಳೆ. ಅಂಗಡಿಗಳಲ್ಲಿ ಸಿದ್ಧ ಉಡುಪಿಗೇನೂ ಬರವಿಲ್ಲ. ಆದರೂ ಯುಗಾದಿಗೆ ಮಕ್ಕಳು ಊರಿಗೆ ಬರುವ ಹೊತ್ತಿಗೆ ಮಗನಿಗೊಂದು ಜುಬ್ಬ, ಮಗಳಿಗೊಂದು ರವಿಕೆ ಸಿದ್ಧವಾಗಿರಲೇಬೇಕು.

ಇಂಥ ತಾಯಂದಿರು ಐವತ್ತು, ಅರವತ್ತು ದಾಟಿದ ಮೇಲೆ ಒಂದು ದಿನ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಮೂಲೆಗೆ ಸರಿಸಿಬಿಡುತ್ತಾರೆ. ಕೇಳಿದರೆ 'ವಯಸ್ಸಾಯಿತು ಡಾಕ್ಟ್ರೇ, ಇನ್ಯಾಕೆ?' ಎನ್ನುತ್ತಾರೆ. ಮನೆಯವರೂ ಹೌದೆಂದು ತಲೆಯಾಡಿಸುತ್ತಾರೆ. ಆದರೆ ವಯಸ್ಸು ಕಾಯಿಲೆಯಲ್ಲ. ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ನಿಂತಿತೆಂದರೆ ಕಣ್ಣು, ಕೈ, ಕತ್ತು ಅಥವಾ ಮನಸ್ಸಿನಲ್ಲಿ ಏನೋ ಕಾರಣವಿರುತ್ತದೆ. ಅದನ್ನು ಹುಡುಕಬೇಕು. ಬಹಳಷ್ಟು ಸಂದರ್ಭಗಳಲ್ಲಿ ಅದನ್ನು ಸರಿಪಡಿಸಬಹುದು.

ಚಾಳೀಸು ಮತ್ತು ಬೆಳಕು

ನಲವತ್ತರ ನಂತರ ಕಣ್ಣಿನೊಳಗಿನ ಮಸೂರ ಗಡುಸಾಗುತ್ತಾ ಹೋಗುತ್ತದೆ. ಹತ್ತಿರದ ವಸ್ತುವಿನ ಮೇಲೆ ನೋಟ ನಿಲ್ಲಿಸಲು ಅದಕ್ಕೆ ಆಗುವುದಿಲ್ಲ. ಸೂಜಿಯನ್ನು ದೂರ ಹಿಡಿದರೆ ಕಣ್ಣು ಕಾಣುತ್ತದೆ, ಕೈ ನಿಲುಕುವುದಿಲ್ಲ. ಇದೇ ಚಾಳೀಸು. ಇದು ಎಲ್ಲರಿಗೂ ಬರುತ್ತದೆ, ಸರಿಯಾದ ಕನ್ನಡಕದಿಂದ ತೊಂದರೆ ನೀಗುತ್ತದೆ.

ಆದರೆ ಓದುವ ದೂರ ಬೇರೆ, ಹೊಲಿಯುವ ದೂರ ಬೇರೆ. ಯಂತ್ರದ ಮುಂದೆ ಎಂದಿನಂತೆ ಕುಳಿತು, ಕಣ್ಣಿನಿಂದ ಸೂಜಿಯವರೆಗೆ ಎಷ್ಟು ಅಂಗುಲವಿದೆ ಎಂದು ಮನೆಯವರಿಂದ ಟೇಪಿನಲ್ಲಿ ಅಳೆಸಿಕೊಳ್ಳಿ. ಕಣ್ಣು ಪರೀಕ್ಷಿಸುವವರಿಗೆ ಆ ಅಳತೆ ತಿಳಿಸಿ. ಸಂತೆಯಲ್ಲಿ ಕೊಂಡ ಕನ್ನಡಕವನ್ನೋ ಗಂಡನ ಕನ್ನಡಕವನ್ನೋ ಹಾಕಿಕೊಂಡು ಹೊಲಿದರೆ ತಲೆನೋವು ತಪ್ಪದು.

ಬೆಳಕೂ ಅಷ್ಟೇ ಮುಖ್ಯ. ಇಪ್ಪತ್ತರ ಹರೆಯದವರಿಗಿಂತ ಅರವತ್ತರವರಿಗೆ ಎರಡು ಮೂರು ಪಟ್ಟು ಹೆಚ್ಚು ಬೆಳಕು ಬೇಕು. ಯಂತ್ರವನ್ನು ಕಿಟಕಿಯ ಪಕ್ಕಕ್ಕೆ ತನ್ನಿ. ಬಲಗೈಯಲ್ಲಿ ಕೆಲಸ ಮಾಡುವವರಿಗೆ ಎಡಗಡೆಯಿಂದ ಬೆಳಕು ಬೀಳಲಿ. ಕಪ್ಪು ಬಟ್ಟೆಯನ್ನು ರಾತ್ರಿ ಹೊಲಿಯಬೇಡಿ.

ಕನ್ನಡಕವಿಲ್ಲದೆ ಕಂಡರೆ ಹಿಗ್ಗಬೇಡಿ

ಕೆಲವರು ಅರವತ್ತರಲ್ಲಿ ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆಯೇ ದಾರ ಪೋಣಿಸತೊಡಗುತ್ತಾರೆ. 'ಕಣ್ಣು ಮತ್ತೆ ಹುಡುಗಿಯ ಕಣ್ಣಾಯಿತು' ಎಂದು ಸಂತೋಷಪಡುತ್ತಾರೆ. ಇದು ಸಂತೋಷದ ಸುದ್ದಿಯಲ್ಲ. ಪೊರೆ ಬೆಳೆಯುವಾಗ ಮಸೂರದ ಶಕ್ತಿ ಬದಲಾಗಿ, ಕೆಲವು ಕಾಲ ಹತ್ತಿರದ್ದು ಚೆನ್ನಾಗಿ ಕಂಡು ದೂರದ್ದು ಮಂಜಾಗುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗಲೂ ನೋಟ ಹೀಗೆ ಏರುಪೇರಾಗಬಹುದು. ಆದ್ದರಿಂದ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಹತೋಟಿಗೆ ಬಂದು ಕೆಲವು ವಾರಗಳಾದ ಮೇಲೆ ಕನ್ನಡಕ ಮಾಡಿಸಿ. ಆತುರದಲ್ಲಿ ಮಾಡಿಸಿದ ಕನ್ನಡಕ ತಿಂಗಳೊಪ್ಪತ್ತಿನಲ್ಲಿ ಕೆಲಸಕ್ಕೆ ಬಾರದಾದೀತು.

ಬಣ್ಣಗಳು ಮಾಸಿದವೇ?

ಪೊರೆ ಬಣ್ಣಗಳನ್ನೂ ಕದಿಯುತ್ತದೆ. ಬಿಳಿ ಬಟ್ಟೆ ಹಳದಿಯಾಗಿ ಕಾಣುತ್ತದೆ. ಕಡುನೀಲಿ ದಾರಕ್ಕೂ ಕಪ್ಪು ದಾರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಅವರೆ ಹೂವಿನ ನೇರಳೆ ಮಂಕಾಗುತ್ತದೆ. ಇದು ಎಷ್ಟು ನಿಧಾನವಾಗಿ ಆಗುತ್ತದೆಂದರೆ, ನೋಡುವವರಿಗೇ ಗೊತ್ತಾಗದು. ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ ಕ್ಲೋದ್ ಮೊನೆಗೆ 1912ರಲ್ಲಿ ಪೊರೆಯಿರುವುದು ಗೊತ್ತಾಯಿತು. ಆತ ಹೆದರಿ ಶಸ್ತ್ರಚಿಕಿತ್ಸೆಯನ್ನು 1923ರವರೆಗೆ ಮುಂದೂಡಿದ. ಆ ವರ್ಷಗಳ ಆತನ ಹಲವು ಚಿತ್ರಗಳು ಕೆಂಪು, ಕಂದು ಬಣ್ಣಗಳಿಂದಲೇ ತುಂಬಿವೆ. ಬಣ್ಣದ ಕೊಳವೆಗಳ ಮೇಲಿನ ಹೆಸರು ಓದಿ ಬಣ್ಣ ಆರಿಸುವ ಸ್ಥಿತಿ ಬಂದಿತ್ತು.

ಅಂದು ಶಸ್ತ್ರಚಿಕಿತ್ಸೆಯ ನಂತರ ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತು. ಇಂದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ನಡೆಯುತ್ತಿದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯಿದೆ. 'ಪೊರೆ ಇನ್ನೂ ಬಲಿಯಲಿ' ಎಂದು ಕಾಯಬೇಕಾಗಿಲ್ಲ. ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದರೆ ಅದೇ ಸರಿಯಾದ ಕಾಲ.

ಕೈ, ಕತ್ತು, ಕಾಲು

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತದೆಯೇ? ಕತ್ತರಿ ಕೈಜಾರುತ್ತದೆಯೇ? ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಹೆಚ್ಚು. ಬೇಗ ತೋರಿಸಿದರೆ ರಾತ್ರಿ ಕಟ್ಟಿಕೊಳ್ಳುವ ಪಟ್ಟಿಯಿಂದಲೇ ಅನೇಕರಿಗೆ ಗುಣ ಕಾಣುತ್ತದೆ.

ಬಗ್ಗಿ ಹೊಲಿದರೆ ಕತ್ತು ನೋಯುವುದು ಸಹಜ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಆದರೆ ಕತ್ತು, ಬೆನ್ನು ಎರಡೂ ಸೆಟೆದು ತಿರುಗಿಸಲಾಗದಿದ್ದರೆ ಹೊಲಿಗೆಯೊಂದನ್ನೇ ದೂರಬೇಡಿ. ನಮ್ಮ ಜಿಲ್ಲೆಯ ಹಲವು ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೂ ಮೂಳೆಗೂ ಹಾನಿಯಾಗಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರನ್ನು ಪರೀಕ್ಷೆ ಮಾಡಿಸಿ.

ಸಕ್ಕರೆ ಕಾಯಿಲೆಯಿರುವವರಿಗೆ ಇನ್ನೊಂದು ಎಚ್ಚರಿಕೆ. ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ನೆಲಕ್ಕೆ ಬಿದ್ದ ಸೂಜಿ ಚುಚ್ಚಿದರೂ ತಿಳಿಯದು. ಅಂಥ ಗಾಯ ಕೀವಾಗಿ ಬೆರಳು ತೆಗೆಯುವ ಮಟ್ಟಕ್ಕೂ ಹೋಗಬಹುದು. ಚಪ್ಪಲಿ ಹಾಕಿಕೊಂಡೇ ಯಂತ್ರ ತುಳಿಯಿರಿ. ಸೂಜಿಗಳನ್ನು ಎಣಿಸಿಡಿ. ಪ್ರತಿ ರಾತ್ರಿ ಅಂಗಾಲು ನೋಡಿಕೊಳ್ಳಿ.

ಮನಸ್ಸಿನ ಮಾತು

ಕಣ್ಣು, ಕೈ ಎಲ್ಲ ಸರಿಯಿದ್ದೂ ಹೊಲಿಯಲು ಮನಸ್ಸೇ ಬಾರದಿದ್ದರೆ? ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಹೂ ಬಿಟ್ಟಿರುತ್ತದೆ, ಅಂಗಳದಲ್ಲಿ ಕನಕಾಂಬರ ಅರಳಿರುತ್ತದೆ, ಮಾಲೂರಿನ ಹೆಂಚಿನ ಮೇಲೆ ಸಂಜೆ ಬಿಸಿಲು ಬಿದ್ದಿರುತ್ತದೆ. ಮೊದಲು ಇವನ್ನೆಲ್ಲ ಕಂಡು 'ಈ ಬಣ್ಣದ ಬಟ್ಟೆ ಮಗಳಿಗೆ ಒಪ್ಪುತ್ತದೆ' ಎನ್ನುತ್ತಿದ್ದವರು ಈಗ ಯಾವುದನ್ನೂ ಗಮನಿಸುವುದಿಲ್ಲ. ನಿದ್ದೆಯಿಲ್ಲ, ಊಟ ರುಚಿಸದು. ಎರಡು ವಾರ ಹೀಗೇ ಇದ್ದರೆ ಅದು ಖಿನ್ನತೆಯಿರಬಹುದು. ಮಕ್ಕಳು ದೂರವಾದ ಮನೆಗಳಲ್ಲಿ ಇದನ್ನು ಗುರುತಿಸುವವರೇ ಇರುವುದಿಲ್ಲ. ಇದಕ್ಕೂ ಚಿಕಿತ್ಸೆಯಿದೆ. ಸಂಕೋಚ ಬೇಡ.

ಮಕ್ಕಳಿಗೆ ಎರಡು ಮಾತು

'ಸುಮ್ಮನೆ ಯಾಕೆ ಕಷ್ಟಪಡ್ತೀಯಮ್ಮ, ಅಂಗಡಿಯಲ್ಲಿ ಸಿಗುತ್ತೆ' ಎನ್ನಬೇಡಿ. ಅದರ ಬದಲು ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗಿ. ಒಂದು ಒಳ್ಳೆಯ ದೀಪ ತಂದುಕೊಡಿ. ಅಮ್ಮ ಅಳತೆ ತೆಗೆಯುವಾಗ ಹೊಟ್ಟೆ ಒಳಗೆಳೆದುಕೊಳ್ಳದೆ ನಿಲ್ಲಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೈದೂವರೆ ಅಂಗುಲ, ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಅಂಗುಲ ದಾಟಿದರೆ ಸಕ್ಕರೆ ಕಾಯಿಲೆ, ಹೃದ್ರೋಗಗಳ ಅಪಾಯ ಹೆಚ್ಚು. ಹೋದ ವರ್ಷದ ಜುಬ್ಬ ಈ ವರ್ಷ ಬಿಗಿಯಾಯಿತೆಂದರೆ ಹೊಲಿಗೆ ಬಿಚ್ಚಿಸಿಕೊಂಡು ಸುಮ್ಮನಾಗಬೇಡಿ, ನಿಮ್ಮ ರಕ್ತವನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.